ಕೊನೆಯ ಸ್ಟಾಪಿನಲ್ಲಿ ಓದಿದ ಹನ್ನೆರಡು ಹೆಸರು

ಸೇಂಟ್ ಕ್ಲೇರ್ ದಂಡೆಯಲ್ಲಿ ಕೆಲ್ಪ್ ಕೊಳೆಯುತ್ತಿತ್ತು. ಕೆಲ್ಪ್ ಎಂದರೆ ಇಲ್ಲಿನ ಕಡಲು ಹೊರಗೆಸೆಯುವ, ತೊಗಲಿನ ಬೆಲ್ಟಿನಷ್ಟು ದಪ್ಪನೆಯ ಪಾಚಿ. ಬಿರುಗಾಳಿಯ ಮರುದಿನ ರಾಶಿ ಬಿದ್ದು ಕೊಳೆಯತೊಡಗಿತೆಂದರೆ ವಾಸನೆ ಎರಡು ಬೀದಿ ಒಳಗೆ ನುಗ್ಗುತ್ತದೆ. ಮೊನ್ನೆ ನಾನು ಪಾಠ ಮಾಡುವ ಹೈಸ್ಕೂಲಿನ ಚರ್ಚಾ ತಂಡವನ್ನು ಕಟ್ಟಿಕೊಂಡು ಆಕ್ಲೆಂಡಿನಿಂದ ನ್ಯೂಜಿಲೆಂಡಿನ ದಕ್ಷಿಣದ ಡನೀಡಿನ್‌ಗೆ ಹೋಗಿದ್ದೆ. ಸ್ಪರ್ಧೆ ಮುಗಿದ ಮಧ್ಯಾಹ್ನ ಮಕ್ಕಳು ಸಮುದ್ರ ನೋಡಬೇಕೆಂದರು. ಬಸ್ಸಿನಿಂದ ಇಳಿದದ್ದೇ ನಾಲ್ವರೂ ಮೂಗು ಮುಚ್ಚಿಕೊಂಡು, "ಮಿಸ್, ಇಟ್ ಸ್ಟಿಂಕ್ಸ್!" ಎಂದು ಕೂಗಿದರು. ನಾನೊಬ್ಬಳೇ ಎದೆ ತುಂಬ ಉಸಿರೆಳೆದುಕೊಂಡೆ. ಆ ವಾಸನೆಯಲ್ಲಿ ಕುಳಿತು ನಾನು ಲ್ಯಾಟಿನ್ ಕಲಿತಿದ್ದೇನೆ.

ಆಗ ನನಗೆ ಇಪ್ಪತ್ತಮೂರು. ಧಾರವಾಡದಲ್ಲಿ ಬಿ.ಎ. ಮುಗಿಸಿ ಡನೀಡಿನ್‌ನ ಹಳೆಯ ವಿಶ್ವವಿದ್ಯಾಲಯಕ್ಕೆ ಇತಿಹಾಸದಲ್ಲಿ ಸ್ನಾತಕೋತ್ತರ ಪ್ರಬಂಧ ಬರೆಯಲು ಬಂದಿದ್ದೆ. ವಿಷಯ, ಹದಿನೈದನೆಯ ಶತಮಾನದ ಇಂಗ್ಲೆಂಡಿನ ಜೆಂಟ್ರಿಗಳು, ಅಂದರೆ ಊರಿನ ಮಟ್ಟದ ಜಮೀನುದಾರರು, ಹೊಲ ಮಾರಿದ್ದು, ಕೊಂಡದ್ದು, ಅದರಲ್ಲೊಂದು ಪಾಲನ್ನು ಚಾಂಟ್ರಿಗೆ ಬಿಟ್ಟದ್ದು. ಚಾಂಟ್ರಿ ಒಂದು ಬಗೆಯ ದತ್ತಿ. ಸತ್ತವರ ಆತ್ಮ ಸ್ವರ್ಗ ಸೇರುವ ಮೊದಲು ಶುದ್ಧೀಕರಣದ ಬೆಂಕಿಯಲ್ಲಿ ಬೇಯುತ್ತದೆ, ಭೂಮಿಯ ಮೇಲೆ ಪೂಜೆ ನಡೆದಷ್ಟೂ ಆ ಅವಧಿ ಕಡಿಮೆಯಾಗುತ್ತದೆ ಎಂದು ಅವರು ನಂಬಿದ್ದರು. ಹಾಗಾಗಿ ಒಬ್ಬ ಪಾದ್ರಿ ತಮಗಾಗಿ ದಿನಾಲೂ ಪೂಜೆ ಹಾಡಲಿ ಎಂದು ಅವನ ಜೀವನಕ್ಕೆ ಜಮೀನು ಬಿಟ್ಟುಕೊಡುತ್ತಿದ್ದರು. ನಮ್ಮ ಕಡೆ ಗುಡಿಗೆ, ಮಠಕ್ಕೆ, ದರ್ಗಾಕ್ಕೆ ಉಂಬಳಿ ಬಿಟ್ಟಂತೆಯೇ. ನನಗೆ ಆತ್ಮದಲ್ಲೂ ನಂಬಿಕೆಯಿಲ್ಲ, ಬೆಂಕಿಯಲ್ಲೂ ಇಲ್ಲ. ಜಮೀನಿನಲ್ಲಿ ಇತ್ತು. ಯಾರು ಯಾರ ಹೊಲವನ್ನು ಯಾವ ನೆಪದಲ್ಲಿ ಒಳಗೆ ಹಾಕಿಕೊಂಡರು ಎಂಬುದು ಎಲ್ಲ ಕಾಲಕ್ಕೂ ಕೇಳಬೇಕಾದ ಪ್ರಶ್ನೆ.

ಊರಿನಲ್ಲಿದ್ದ ಹತ್ತಾರು ಕನ್ನಡ ಕುಟುಂಬಗಳು ಯುಗಾದಿಗೆ ಒಂದು ಸಮುದಾಯ ಭವನದಲ್ಲಿ ಸೇರಿದ್ದವು. ಹೋಳಿಗೆ ತಟ್ಟೆ ಹಿಡಿದು ನಿಂತಿದ್ದ ಬೆಂಗಳೂರಿನ ಸಾಫ್ಟ್‌ವೇರ್ ಅಂಕಲ್ ಒಬ್ಬರು ನನ್ನ ವಿಷಯ ಕೇಳಿ ಜಗಿಯುವುದನ್ನೇ ನಿಲ್ಲಿಸಿದರು.

"ಇಂಗ್ಲೆಂಡಿನ ಜಮೀನ್ದಾರ್ರಾ? ಅದನ್ನ ಕಲಿಯೋಕೆ ನ್ಯೂಜಿಲೆಂಡಿಗೆ ಬಂದ್ಯಾ? ಇದಕ್ಕೆಲ್ಲಾ ಇಲ್ಲೇ ನೆಲೆಸೋಕೆ ಪಿಆರ್ ಸಿಗತ್ತೇನಮ್ಮಾ?"

"ಸಿಗೂದಿಲ್ರಿ ಅಂಕಲ್."

"ಡೇಟಾ ಅನಲಿಟಿಕ್ಸ್ ಒಂದು ಪೇಪರ್ ಸೇರಿಸ್ಕೋ. ಸೇಫ್ ಆಗಿರತ್ತೆ."

ಅವರ ಮಾತು ಬಿಡಿ, ಅವರು ಹೋಳಿಗೆಯ ಮೇಲೂ ಸಲಹೆ ಕೊಡುತ್ತಿದ್ದರು. ಆದರೆ ಅದೇ ಮಾತು ಬೇರೆ ಬಟ್ಟೆ ಹಾಕಿಕೊಂಡು ನಮ್ಮ ವಿಭಾಗದಲ್ಲೂ ಓಡಾಡುತ್ತಿತ್ತು. ಡಂಕನ್ ಎಂಬ ಹಿರಿಯ ಪ್ರಾಧ್ಯಾಪಕರು ನನ್ನನ್ನು ಕೂರಿಸಿಕೊಂಡು, ಈ ದೇಶಕ್ಕೆ ಮೊದಲು ಬಂದ ಭಾರತೀಯ ವ್ಯಾಪಾರಿಗಳ ಮೇಲೆ ಯಾರೂ ಸರಿಯಾಗಿ ಬರೆದಿಲ್ಲ, "ಅದು ನಿನಗೆ ಹತ್ತಿರದ್ದಲ್ಲವೇ?" ಎಂದು ಬಹಳ ಮೃದುವಾಗಿ ಹೇಳಿದರು. ಗುಜರಾತಿನಿಂದ ಬಂದ ಆ ವ್ಯಾಪಾರಿಗಳಿಗೂ ಧಾರವಾಡದ ನನಗೂ ಇದ್ದ ಹತ್ತಿರವನ್ನು ಅವರು ಯಾವ ನಕ್ಷೆಯಲ್ಲಿ ಅಳೆದರೋ ಗೊತ್ತಿಲ್ಲ. ನನ್ನ ಮಾರ್ಗದರ್ಶಕಿ ಹೆಲೆನ್ ಮಾತ್ರ ನೇರವಾಗಿ ಹೇಳಿದಳು. "ಆಗಸ್ಟ್‌ನಲ್ಲಿ ಸೆಮಿನಾರ್. ಸಮಿತಿಗೆ ಒಪ್ಪಿಗೆಯಾದರೆ ವಿಷಯ ನಿನ್ನದು, ಮುಂದೆ ಪಿಎಚ್‌ಡಿ ಸ್ಕಾಲರ್‌ಶಿಪ್ಪಿಗೂ ಶಿಫಾರಸು. ಇಲ್ಲದಿದ್ದರೆ ವಿಷಯ ಬದಲಿಸಬೇಕು. ಮತ್ತು ನಿನ್ನ ಲ್ಯಾಟಿನ್ ದಯನೀಯವಾಗಿದೆ."

ದಯನೀಯ ಎನ್ನುವುದು ಕರುಣೆಯ ಮಾತು. ನನಗೆ ಲ್ಯಾಟಿನ್ ಬರುತ್ತಲೇ ಇರಲಿಲ್ಲ. ಆರಂಭಿಕರ ತರಗತಿಯಲ್ಲಿ ಹದಿನೆಂಟರ ಹುಡುಗರ ನಡುವೆ ಕೂತು ಮೊದಲ ಪರೀಕ್ಷೆಯಲ್ಲೇ ಉರುಳಿದ್ದೆ.

ಯುಗಾದಿಯ ದಿನ ಅದನ್ನೂ ಹೇಳಿಕೊಂಡು ನಗಾಡುತ್ತಿದ್ದಾಗ, ಮೂಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ ತೆಳ್ಳನೆಯ ಹಿರಿಯರೊಬ್ಬರು ತಿರುಗಿ, "ಯಾವ ಪಾಠದಲ್ಲಿ ಉಂಟು ಈಗ?" ಎಂದು ಕೇಳಿದರು. ಅವರೇ ವಲೇರಿಯನ್ ಅಂಕಲ್. ಮಂಗಳೂರಿನ ಕಡೆಯವರು. ಪಾದ್ರಿಯಾಗಲೆಂದು ಸೆಮಿನರಿಗೆ ಸೇರಿ, ಆರು ವರ್ಷ ಓದಿ, ಪಾದ್ರಿಯಾಗದೆ ಹೊರಬಂದವರು. "ಲ್ಯಾಟಿನ್ ಬಂತು, ಉಳಿದದ್ದು ಬರಲಿಲ್ಲ" ಎಂದಷ್ಟೇ ಹೇಳಿದರು. ಡನೀಡಿನ್‌ನಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಶಿಫ್ಟು, ಭಾನುವಾರ ಚರ್ಚು. ಪುರುಸೊತ್ತು ಸಿಗುವುದು ಒಂದೇ ಕಡೆ. ಸೇಂಟ್ ಕ್ಲೇರ್ ದಂಡೆಯ ಕೊನೆಯ ಸ್ಟಾಪಿನಲ್ಲಿ ಬಸ್ಸು ತಿರುಗಿ ಹೊರಡುವ ಮೊದಲು ಹನ್ನೊಂದು ನಿಮಿಷ ನಿಲ್ಲುತ್ತದೆ.

"ಹನ್ನೊಂದು ನಿಮಿಷದಾಗ ಏನ್ ಕಲೀಲಿ ಅಂಕಲ್?"

"ಒಂದು ವಿಭಕ್ತಿ ಕಲಿ. ನಾಳೆ ಇನ್ನೊಂದು. ಮತ್ತೆ ಎಂತ, ಲ್ಯಾಟಿನ್ ಎಲ್ಲಿಗೂ ಓಡಿ ಹೋಗುದಿಲ್ಲ ಮಾರಾಯ್ತಿ."

ಹಾಗೆ ಏಪ್ರಿಲ್‌ನಿಂದ ನನ್ನ ಪಾಠ ಬಸ್ಸಿನಲ್ಲಿ ಸಾಗಿತು. ದಿನಕ್ಕೆ ಎರಡು ಟ್ರಿಪ್. ಅವರು ಸ್ಟಿಯರಿಂಗಿನ ಮುಂದೆ ಪಕ್ಕಕ್ಕೆ ತಿರುಗಿ ಕೂರುವುದು, ನಾನು ಮೊದಲ ಸೀಟಿನಲ್ಲಿ ನೋಟ್‌ಬುಕ್ ಬಿಚ್ಚುವುದು. ಬಾಗಿಲು ತೆರೆದಿದ್ದರೆ ಕೆಲ್ಪಿನ ವಾಸನೆ ಒಳಗೆ, ಮುಚ್ಚಿದರೆ ಹೀಟರಿಗೆ ಕಾದ ಒದ್ದೆ ಉಣ್ಣೆಯ ವಾಸನೆ. ಮೇ ತಿಂಗಳಲ್ಲಿ ದಕ್ಷಿಣದ ಗಾಳಿ ಶುರುವಾಯಿತು. ಅಂಟಾರ್ಕ್ಟಿಕಾದಿಂದ ನೇರವಾಗಿ, ನಡುವೆ ಒಂದು ಗಿಡದ ಅಡ್ಡಿಯೂ ಇಲ್ಲದೆ ಬರುವ ಗಾಳಿ. ಗಾಜಿನ ಮೇಲೆ ಆಲಿಕಲ್ಲು ಬಡಿಯುತ್ತಿದ್ದರೆ ಅಂಕಲ್ ದನಿ ಏರಿಸುತ್ತಿದ್ದರು. "ಅನಿಮಾ, ಆತ್ಮವು. ಅನಿಮಾಮ್, ಆತ್ಮವನ್ನು. ಅನಿಮೇ, ಆತ್ಮದ. ಹೇಳು!" ಬೇಗ ಬಂದು ಹತ್ತಿದ ಮುದುಕಿಯೊಬ್ಬಳು ಒಮ್ಮೆ ನಮ್ಮಿಬ್ಬರನ್ನೂ ನೋಡಿ, ಇದು ಯಾವ ಧರ್ಮದ ಪ್ರಾರ್ಥನೆ ಎಂದು ಕೇಳಿದಳು. ಅಂಕಲ್ ಗಂಭೀರವಾಗಿ, "ವ್ಯಾಕರಣ, ಮೇಡಮ್" ಎಂದರು.

ನನ್ನ ಕನ್ನಡ ಅವರಿಗೆ ತಮಾಷೆ. "ನಿಮ್ಮ ಧಾರವಾಡದವರು ಚಹಾ ಬೇಕಾ ಅಂತ ಕೇಳಿದ್ರೂ ಜಗಳಕ್ಕೆ ಬಂದ ಹಾಗೆ ಕೇಳ್ತದೆ." ಅವರ ಕನ್ನಡ ನನಗೆ ಪಠ್ಯಪುಸ್ತಕ ಎದ್ದು ನಡೆದಂತೆ. ಆದರೆ ಏಳು ವಿಭಕ್ತಿಗಳಿರುವ ಭಾಷೆಯಲ್ಲಿ ಹುಟ್ಟಿದವಳಿಗೆ ಲ್ಯಾಟಿನ್ನನ್ನು ಇಂಗ್ಲಿಷಿನ ಮೂಲಕ ಕಲಿಸಿದ್ದೇ ತಪ್ಪು ಎಂದು ಎರಡು ವಾರದಲ್ಲಿ ತೋರಿಸಿಕೊಟ್ಟರು. ಜೂನ್ ಹೊತ್ತಿಗೆ ನಾನು ದಾನಪತ್ರದ ಸಾಲು ಬಿಡಿಸುತ್ತಿದ್ದೆ.

ಇಷ್ಟರಲ್ಲಿ ನನಗೊಂದು ವಾದವೂ ಸಿಕ್ಕಿತ್ತು. ಎಂಥ ವಾದ! ಇಂಗ್ಲೆಂಡಿನ ಪೂರ್ವಭಾಗದ ಒಂದು ಊರಿನಲ್ಲಿ ರೋಜರ್ ಸ್ಟೇನ್‌ಬಿ ಎಂಬ ಜಮೀನುದಾರ ನೆರೆಯ ವಿಧವೆ ಆಲಿಸ್ ಕರ್ವಿನ್‌ಳ ಹೊಲಗಳನ್ನೆಲ್ಲ ಕೊಂಡುಕೊಂಡ. ವರ್ಷ ತುಂಬುವುದರೊಳಗೆ ಅದೇ ಹೊಲಗಳಲ್ಲಿ ಒಂದು ಭಾಗವನ್ನು ಚಾಂಟ್ರಿಗೆ ಬಿಟ್ಟ. ಪೂಜೆಗೆ ನೇಮಿಸಿದ ಪಾದ್ರಿ ಅವನ ಸೋದರಸಂಬಂಧಿ. ಹಿಂದಿನ ಇತಿಹಾಸಕಾರರು ಇದನ್ನು ಭಕ್ತಿ ಎಂದಿದ್ದರು. ನಾನು ಬೀಗ ಎಂದೆ. ವಿಧವೆಯ ನೆಂಟರು ನಾಳೆ ಕೋರ್ಟಿಗೆ ಹೋಗಿ ಹೊಲ ಮರಳಿ ಕೇಳಬಹುದು, ಆದರೆ ಒಮ್ಮೆ ದೇವರಿಗೆ ಕೊಟ್ಟದ್ದನ್ನು ಯಾವ ನ್ಯಾಯಾಧೀಶ ಮುಟ್ಟುತ್ತಾನೆ? ಹೊಲದ ಬಾಗಿಲಿಗೆ ದೇವರನ್ನೇ ಬೀಗವಾಗಿ ಜಡಿದಿದ್ದಾನೆ ರೋಜರ್. ಇದು ನನ್ನ ವಾದ. ಹೆಲೆನ್ ಓದಿ, "ಚೆನ್ನಾಗಿದೆ. ಆದರೆ ನೀನು ಯಾರೋ ನಡುವೆ ಬಾಯಿ ಹಾಕುತ್ತಾರೆಂದು ಹೆದರಿದವಳ ಹಾಗೆ ವಾದಿಸುತ್ತೀ" ಎಂದಳು. ಡಂಕನ್ ಕೂಡ ಹುಬ್ಬೇರಿಸಿ ಮೆಚ್ಚಿದರಂತೆ. ಸೆಮಿನಾರಿಗೆ ಪ್ರಬಂಧ ಹಂಚಿಯಾಯಿತು.

ಇಲ್ಲಿ ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿ ಬಿಚ್ಚಿದ ಮೇಲೆ ಒಂದು ಗಂಟೆ. ಆ ಒಂದು ಗಂಟೆಯಲ್ಲಿ ನಾವು ಕಲಿತದ್ದು ಓದುವ ವಿದ್ಯೆಯಲ್ಲ, ಕೊಯ್ಯುವ ವಿದ್ಯೆ. ನಮ್ಮ ಪಕ್ಷಕ್ಕೆ ಬೇಕಾದ ಸಾಲು ಕಂಡ ಕೂಡಲೇ ಅದನ್ನು ತುಂಡು ಹಾಳೆಗೆ ಇಳಿಸಿ ಪುಸ್ತಕ ಮುಚ್ಚುವುದು. ಮುಂದಿನ ಸಾಲು ಎದುರಾಳಿಯ ತಲೆನೋವು. ಹಾಗೆ ಗೆದ್ದ ಶೀಲ್ಡುಗಳು ನಮ್ಮ ಮನೆಯ ಅಟ್ಟದ ಮೇಲೆ ಹನ್ನೊಂದಿವೆ. ರೋಜರನ ದಾನಪತ್ರವನ್ನೂ ನಾನು ಹಾಗೆಯೇ ಕೊಯ್ದಿದ್ದೆ. ಮೂಲ ಪತ್ರವನ್ನು ನೋಡಿಯೇ ಇರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಸಂಪಾದಕ ಮಾಡಿದ್ದ ಇಂಗ್ಲಿಷ್ ಸಾರಾಂಶ ನನ್ನ ಆಧಾರ. ನನಗಿಂತ ಮುಂಚಿನವರೂ ಅದನ್ನೇ ನೆಚ್ಚಿದ್ದರು.

ಜೂನ್ ಕೊನೆಯ ಒಂದು ಮಧ್ಯಾಹ್ನ, ಬಸ್ಸು ಖಾಲಿಯಾದ ಮೇಲೆ, ಈ ವಾದವನ್ನು ಅಂಕಲ್‌ಗೆ ಪೂರ್ತಿ ಒಪ್ಪಿಸಿದೆ. ಫ್ಲಾಸ್ಕಿನ ಚಹಾ ಕುಡಿಯುತ್ತ ಕೇಳಿದರು.

"ಹೆಸರು ಎಲ್ಲಿ?" ಎಂದರು ಕೊನೆಗೆ.

"ಯಾವ ಹೆಸರು?"

"ಪೂಜೆ ಯಾರ ಆತ್ಮಕ್ಕೆ? ಅವರ ಹೆಸರು."

"'ಸದರಿ ರೋಜರ್ ಮತ್ತು ಇತರರ ಆತ್ಮಗಳಿಗಾಗಿ' ಅಂತ ಐತಿ."

ಅಂಕಲ್ ಚಹಾ ಚೆಲ್ಲುವಷ್ಟು ನಕ್ಕರು. "ಇತರರು! ಯಾವ ಪಾದ್ರಿ ಮಾರಾಯ್ತಿ ಪೀಠದ ಎದುರು ನಿಂತು 'ಇತರರು' ಅಂತ ಓದುದು? ನಮ್ಮ ಅಮ್ಮ ವರ್ಷಕ್ಕೊಮ್ಮೆ ತೀರಿಹೋದವರ ಹೆಸರು ಚೀಟಿಯಲ್ಲಿ ಬರೆದು ಕೊಡ್ತಿದ್ದರು. ಒಂದು ಸಲ ಪಾದ್ರಿ ನಮ್ಮ ಅಜ್ಜನ ಹೆಸರು ಬಿಟ್ಟರು. ಪೂಜೆ ಮುಗಿದದ್ದೇ ಅಮ್ಮ ಸೀದಾ ಒಳಗೆ ಹೋಗಿ, 'ಫಾದರ್, ನನ್ನ ಮಾವ ನಿಮಗೆ ಎಂತ ಮಾಡಿದ್ದಾರೆ?' ಅಂತ ಕೇಳಿದರು. ಫಾದರ್ ಮರುದಿನ ಇನ್ನೊಂದು ಪೂಜೆ ಮಾಡಬೇಕಾಯ್ತು. ಹೆಸರು ಇಲ್ಲದೆ ಆಗುದಿಲ್ಲ. ನಿನ್ನ ಆ ಪುಸ್ತಕ ಮಾಡಿದವ ಕತ್ತರಿಸಿದ್ದಾನೆ."

"ಹೆಸರು ಸಿಕ್ರ ಏನ್ ಬದಲಾಗತೈತಿ ಅಂಕಲ್? ರೋಜರನ ಅಪ್ಪ, ಅಜ್ಜ, ಅಷ್ಟ. ಬೀಗ ಬೀಗಾನ."

"ಇರಬಹುದು. ಆದ್ರೆ ನೀನು ನೋಡಿಲ್ಲ ಅಲ್ವಾ?" ಎಂದು ಅವರು ಬಾಗಿಲು ತೆರೆದರು. ಹನ್ನೊಂದು ನಿಮಿಷ ಮುಗಿದಿತ್ತು.

ಅವರ ಮಾತನ್ನು ಸುಳ್ಳು ಮಾಡಲೆಂದೇ ಇಂಗ್ಲೆಂಡಿನ ಆ ಜಿಲ್ಲೆಯ ದಾಖಲೆ ಕಚೇರಿಗೆ ಬರೆದು ಮೂಲ ಪತ್ರದ ಚಿತ್ರ ತರಿಸಿದೆ. ಜುಲೈ ನಡುವಿನಲ್ಲಿ ಬಂತು. ಡನೀಡಿನ್‌ನ ಜುಲೈ ಎಂದರೆ ಸೂರ್ಯ ಹಾಜರಿ ಹಾಕಿ ಹೋಗುವ ತಿಂಗಳು. ನನ್ನ ಫ್ಲ್ಯಾಟಿನ ಕಿಟಕಿಯ ಒಳಮೈಗೆ ಮಂಜು ಹೆಪ್ಪುಗಟ್ಟುತ್ತಿತ್ತು. ಅದನ್ನು ಕೆರೆಯಲು ಫ್ಲ್ಯಾಟ್‌ಮೇಟ್ ಟೆಸ್ ಹಳೆಯ ಬ್ಯಾಂಕ್ ಕಾರ್ಡೊಂದನ್ನು ಕಿಟಕಿಯ ಕಟ್ಟೆಯ ಮೇಲೆಯೇ ಇಟ್ಟಿದ್ದಳು. ಲ್ಯಾಪ್‌ಟಾಪಿನ ಮೇಲೆ ಆ ಚರ್ಮದ ಹಾಳೆಯನ್ನು ಹಿಗ್ಗಿಸಿದರೆ ಇರುವೆ ಸಾಲಿನಂಥ ಬರಹ. ರೋಜರ್ ಎಂಬ ಶಬ್ದ ಗುರುತು ಹಿಡಿಯಲು ನನಗೆ ಒಂದು ಬೆಳಗು ಹಿಡಿಯಿತು. ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿ ಬಸ್ಸಿಗೆ ತಂದೆ.

ಅದರಲ್ಲಿದ್ದ ಹೆಸರುಗಳ ಪಟ್ಟಿ ಓದಲು ನಮಗೆ ನಾಲ್ಕು ನಿಲುಗಡೆ ಬೇಕಾದವು. ಅಕ್ಷರ ಬಿಡಿಸುವುದು ನಾನು, ಸಂಕ್ಷೇಪಗಳನ್ನು ತುಂಬಿ ಓದುವುದು ಅವರು. ಆ ಗುಮಾಸ್ತ ಅರ್ಧ ಬರೆದು ಗೆರೆ ಎಳೆದಿದ್ದ ಕಡೆಯಲ್ಲೆಲ್ಲ ಅಂಕಲ್ ಕಣ್ಣು ಮುಚ್ಚಿಕೊಂಡು ಪೂರ್ತಿ ಸಾಲು ಹೇಳಿಬಿಡುತ್ತಿದ್ದರು. ಸೆಮಿನರಿಯಲ್ಲಿ ಸಾವಿರ ಸಲ ಬಾಯಲ್ಲಿ ಹೊರಳಿದ ಸಾಲುಗಳು ಅವು. ಮೊದಲ ನಿಲುಗಡೆಯಲ್ಲಿ ರೋಜರ್, ಅವನ ಹೆಂಡತಿ, ಅವನ ತಂದೆ. "ನೋಡ್ರಿ, ನಾ ಹೇಳಿದ್ದೆ" ಎಂದೆ. ಎರಡನೆಯದರಲ್ಲಿ ಒಬ್ಬ ಜಾನ್. ಜಾನ್ ಏನು? ಮನೆತನದ ಹೆಸರಿನ ಮೇಲೆ ಕಲೆಯಿತ್ತು. ಹೊತ್ತಾಯಿತು, ಬಸ್ಸು ಹೊರಟಿತು. ಊರೊಳಗೆ ಹೋಗಿ ಬರುವ ಮುಕ್ಕಾಲು ಗಂಟೆ ನಾನು ಆ ಕಲೆಯನ್ನೇ ನೋಡುತ್ತ ಕೂತೆ. ಮತ್ತೆ ದಂಡೆಗೆ ಬಂದಾಗ ಅಂಕಲ್ ಕೇಳುವ ಮುಂಚೆ ನಾನೇ ಹೇಳಿದೆ.

"ಕರ್ವಿನ್."

"ಯಾರು?"

"ಜಾನ್ ಕರ್ವಿನ್. ಹೊಲಾ ಮಾರಿದ ಆಲಿಸ್‌ಳ ಗಂಡ."

ಅಂಕಲ್ ಕನ್ನಡಕ ಹಾಕಿಕೊಂಡು ಎದ್ದು ಬಂದು ನನ್ನ ಪಕ್ಕ ಕೂತರು. ಜಾನ್ ಕರ್ವಿನ್. ಅವನ ತಂದೆ. ಅವನ ತಾಯಿ. ಅವನ ಅಜ್ಜ. ಒಬ್ಬ ತಮ್ಮ. ಒಬ್ಬ ಮಗ. ನಂತರ "ಅವರ ಮಗಳು ಜೋನ್". ಅದರ ಮುಂದೆ ಮತ್ತೆ, "ಅವರ ಮಗಳು ಜೋನ್".

"ಗುಮಾಸ್ತ ಎರಡು ಸಲ ಬರೆದಾನ" ಎಂದೆ.

"ಇಲ್ಲ" ಎಂದರು ಅಂಕಲ್. "ನಡುವೆ 'ಮತ್ತು' ಉಂಟು ನೋಡು. ಮೊದಲ ಮಗು ತೀರಿಹೋಗಿದೆ. ಮತ್ತೆ ಹೆಣ್ಣೇ ಹುಟ್ಟಿತು. ಅದೇ ಹೆಸರು ಇಟ್ಟಿದ್ದಾರೆ. ಅದೂ ಹೋಯ್ತು."

ಕೊನೆಯ ಹೆಸರು ಆಲಿಸಳದೇ: ಅವಳು ಈ ಲೋಕ ಬಿಟ್ಟ ಮೇಲೆ ಸೇರಿಸಿ ಹೇಳಬೇಕಾದದ್ದು. ಒಟ್ಟು ಹನ್ನೆರಡು. ಮೂರು ಕೊಂಡವನ ಕಡೆಯವು, ಒಂಬತ್ತು ಮಾರಿದವಳ ಕಡೆಯವು. ನಾಲ್ಕನೆಯ ನಿಲುಗಡೆಯಲ್ಲಿ ಪಟ್ಟಿಯ ಕೆಳಗಿನ ಸಾಲು ಬಿಡಿಸಿದೆವು. ಪಾದ್ರಿ ಮೂರು ತಿಂಗಳ ಕಾಲ ಈ ಹೆಸರುಗಳನ್ನು ಹೇಳದೆ ಬಿಟ್ಟರೆ, ಆಲಿಸ್ ಮತ್ತು ಅವಳ ವಾರಸುದಾರರು ಸದರಿ ಹೊಲಕ್ಕೆ ಮರಳಿ ಕಾಲಿಟ್ಟು ಅದನ್ನು ತಮ್ಮದಾಗಿಸಿಕೊಳ್ಳಬಹುದು. ಮಾರಾಟದ ಸಮಯದಲ್ಲಿ ಇಬ್ಬರೂ ಒಪ್ಪಿದ ಷರತ್ತು ಇದು ಎಂದು ಪತ್ರವೇ ಹೇಳುತ್ತಿತ್ತು.

ಬೀಗವೇನೋ ಇತ್ತು. ಆದರೆ ಜಡಿದದ್ದು ರೋಜರ್ ಅಲ್ಲ, ಆಲಿಸ್. ಗಂಡ, ಮಗ, ಇಬ್ಬರು ಜೋನ್‌ಗಳನ್ನು ಕಳಕೊಂಡು, ಹೊಲ ಉಳಿಸಿಕೊಳ್ಳಲಾಗದೆ ನೆರೆಯವನಿಗೆ ಮಾರುವಾಗ, ಆ ಹೆಂಗಸು ಅಳುತ್ತ ಹೆಬ್ಬೆಟ್ಟು ಒತ್ತಿ ಹೋಗಿರಲಿಲ್ಲ. ಹೊಲ ತಗೋ, ನನ್ನ ಸತ್ತವರನ್ನೂ ತಗೋ, ದಿನಾ ಬೆಳಿಗ್ಗೆ ಅವರ ಹೆಸರು ಹೇಳು, ಮರೆತೆಯೋ ಹೊಲ ವಾಪಸು ಎಂದು ಬರೆಸಿಕೊಂಡಿದ್ದಳು. ನನಗೆ ಅವಳ ಮೇಲೆ ಮರುಕ ಹುಟ್ಟಲಿಲ್ಲ. ಎದುರಾಳಿಯ ಒಳ್ಳೆಯ ಮರುವಾದ ಕೇಳಿದಾಗ ಮೈ ಜುಮ್ಮೆನ್ನುತ್ತದಲ್ಲ, ಹಾಗಾಯಿತು. ಮರುಕ್ಷಣ ದಿನ ಎಣಿಸಿದೆ. ಸೆಮಿನಾರಿಗೆ ಹತ್ತು ದಿನ ಉಳಿದಿತ್ತು. ಇದಕ್ಕೆ ತದ್ವಿರುದ್ಧ ವಾದಿಸುವ ನನ್ನ ಪ್ರಬಂಧ ಸಮಿತಿಯ ಕೈಯಲ್ಲಿತ್ತು, ಮತ್ತು ಅವರಿಗೆ ಅದು ಇಷ್ಟವಾಗಿತ್ತು.

"ಅಂಕಲ್, ಈ ಚಿತ್ರಾ ನಾವಿಬ್ರ ನೋಡೇವಿ. ನಾ ಹೇಳ್ದ ಇದ್ರ ಯಾರಿಗೂ ಗೊತ್ತಾಗೂದಿಲ್ಲ."

"ಹೌದು. ಗೊತ್ತಾಗುದಿಲ್ಲ."

"ಹೇಳಿದ್ರ ವಿಷಯಾನ ಕಸಗೋತಾರ. ತನ್ನ ವಾದ ತಾನ ಮುರಕೊಂಡಾಕಿಗೆ ಯಾರ ಸ್ಕಾಲರ್‌ಶಿಪ್ ಕೊಡ್ತಾರ?"

"ಕೊಡ್ಲಿಕ್ಕಿಲ್ಲ."

"ಏನರ ಹೇಳ್ರಿ ಮತ್ತ! ನೀವು ಪಾದ್ರಿ ಆಗ್ಲಿಕ್ಕೆ ಹೋದವ್ರು."

"ಆಗಲಿಲ್ಲ ಅಲ್ವಾ? ಉಪದೇಶ ಮಾಡ್ಲಿಕ್ಕೆ ಬರ್ತಿದ್ರೆ ಬಸ್ಸು ಯಾಕೆ ಬಿಡ್ತಿದ್ದೆ?" ಎಂದು ಅವರು ಹೋಗಿ ಸ್ಟಿಯರಿಂಗ್ ಹಿಡಿದರು. ಸ್ಟಾಪಿನಲ್ಲಿ ಆರು ಜನ ಮಳೆಯಲ್ಲಿ ನೆನೆಯುತ್ತ ನಿಂತಿದ್ದರು.

ಸೆಮಿನಾರಿನ ದಿನ ಹಿಮಮಿಶ್ರಿತ ಮಳೆ. ಕೋಣೆಯಲ್ಲಿ ಎಂಟು ಜನ, ಎಂಟು ಒದ್ದೆ ಕೋಟು. ನಾನು ಎದ್ದು ನಿಂತು, "ನಿಮ್ಮ ಕೈಯಲ್ಲಿರುವ ಪ್ರಬಂಧ ತಪ್ಪು. ನನಗೆ ಕೊಟ್ಟ ಇಪ್ಪತ್ತು ನಿಮಿಷದಲ್ಲಿ ನಾನು ಅದನ್ನು ವಿರೋಧಿಸುತ್ತೇನೆ" ಎಂದೆ. ಹೆಲೆನ್ ಪೆನ್ನು ಕೆಳಗಿಟ್ಟಳು. ಅವಳಿಗೂ ನಾನು ಹೇಳಿರಲಿಲ್ಲ. ಹೇಳಿದ್ದರೆ ಮುಂದೂಡು ಎನ್ನುತ್ತಿದ್ದಳು, ಮುಂದೂಡಿದರೆ ನಾನೇ ಜಾರಿಕೊಳ್ಳುತ್ತಿದ್ದೆ.

ಚಿತ್ರವನ್ನು ಗೋಡೆಯ ಮೇಲೆ ಹಾಕಿ ಹನ್ನೆರಡು ಹೆಸರನ್ನೂ ಗಟ್ಟಿಯಾಗಿ ಓದಿದೆ. ಮೊದಲು ಲ್ಯಾಟಿನ್, ಆಮೇಲೆ ಇಂಗ್ಲಿಷ್. ಎರಡನೆಯ ಜೋನ್ ಬಂದಾಗ ಯಾರೋ ಕುರ್ಚಿಯಲ್ಲಿ ಸರಿದರು. ಆಮೇಲೆ ನನ್ನ ಹಳೆಯ ವಾದವನ್ನು ಒಂದೊಂದೇ ಕಂಬ ಕಿತ್ತು ಕೆಡವಿದೆ. ಎದುರಾಳಿಯ ವಾದ ಕೆಡವುವುದಕ್ಕಿಂತ ಸುಲಭವಾಗಿತ್ತು ಅದು. ಎಲ್ಲಿ ಟೊಳ್ಳಿದೆಯೆಂದು ಕಟ್ಟಿದವಳಿಗೇ ಗೊತ್ತಿರುತ್ತದಲ್ಲ.

ಡಂಕನ್ ಕೈಯೆತ್ತಿದರು. ಅವರ ದನಿಯಲ್ಲಿ ಕಹಿಯಿರಲಿಲ್ಲ, ಅದೇ ಹಳೆಯ ಮೃದುತ್ವ. "ಹಾಗಾದರೆ ಇವತ್ತು ನಿನ್ನ ಹತ್ತಿರ ವಾದವೇ ಇಲ್ಲ, ಒಂದು ಪತ್ರವಿದೆ. ಬೇಸರಪಡಬೇಡ, ಆದರೆ ಈ ಜನರ ಬದುಕು, ನಂಬಿಕೆ, ಭಾಷೆ ನಿನಗೆ ದೂರದ್ದು. ಇಂಥ ಎಡವಟ್ಟು ಮತ್ತೆ ಆಗುತ್ತದೆ. ನಿನಗೆ ಹತ್ತಿರವಾದ ವಿಷಯಕ್ಕೆ ಹೋಗುವುದು ಜಾಣತನವಲ್ಲವೇ?"

ನಾನು ಏನು ಹೇಳಿದೆನೆಂದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದನ್ನು ನಾನು ತಯಾರಿ ಮಾಡಿಕೊಂಡಿರಲಿಲ್ಲ. "ನಮ್ಮ ಜಿಲ್ಲೆಗಳಲ್ಲಿ ಬ್ರಿಟಿಷ್ ಅಧಿಕಾರಿಗಳು ಮೇಜು ಹಾಕಿಕೊಂಡು ಕೂತು, ನಮ್ಮ ಗುಡಿ, ಮಠ, ದರ್ಗಾಗಳ ಇನಾಂ ಜಮೀನುಗಳಲ್ಲಿ ಯಾವುದು ನಿಜವಾದ ದತ್ತಿ, ಯಾವುದು ಸುಳ್ಳು ಎಂದು ತೀರ್ಪು ಕೊಟ್ಟರು. ಕನ್ನಡ ಬಾರದವರು, ಆ ದೇವರನ್ನು ನಂಬದವರು. ಇದು ನಿಮಗೆ ಹತ್ತಿರದ್ದೇ ಎಂದು ಅವರನ್ನು ಯಾರೂ ಕೇಳಲಿಲ್ಲ. ನಾನು ಯಾರ ಹೊಲವನ್ನೂ ಕಸಿದುಕೊಳ್ಳಲು ಬಂದಿಲ್ಲ. ಒಬ್ಬ ವಿಧವೆಯ ಪತ್ರ ಓದಲು ಬಂದಿದ್ದೇನೆ. ಹೌದು, ಎಡವಿದೆ. ನನಗಿಂತ ಮುಂಚೆ ಎಡವಿದವರೆಲ್ಲ ಇವಳಿಗೆ ಹತ್ತಿರದವರೇ, ಅವಳ ಭಾಷೆ, ಅವಳ ದೇಶ. ಈ ಪತ್ರವನ್ನು ಅಚ್ಚು ಹಾಕಿದ ಮಹನೀಯರು ಇವಳ ಮೂವರು ಮಕ್ಕಳನ್ನು 'ಇತರರು' ಎಂದು ಮುಗಿಸಿದರು. ಕೊನೆಯವರೆಗೆ ಓದಿದವಳು ನಾನು."

ಡಂಕನ್ ಕೆಂಪಾದರು. "ನನ್ನ ಮುತ್ತಜ್ಜನನ್ನು ಸ್ಕಾಟ್ಲೆಂಡಿನ ಹೊಲದಿಂದ ಒಕ್ಕಲೆಬ್ಬಿಸಿ ಹಡಗು ಹತ್ತಿಸಿದರು, ಹುಡುಗಿ. ಆ ಸಾಮ್ರಾಜ್ಯವನ್ನು ನನ್ನ ತಲೆಗೆ ಕಟ್ಟಬೇಡ."

"ಹಾಗಿದ್ದರೆ ಪಟ್ಟಿಯಿಂದ ಹೆಸರು ಬಿಟ್ಟುಹೋಗುವುದೆಂದರೆ ಏನೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು" ಎಂದೆ.

ಅದು ಸ್ವಲ್ಪ ಹೆಚ್ಚಾಯಿತು. ಆದರೆ ವಾಪಸು ತೆಗೆದುಕೊಳ್ಳುವುದಿಲ್ಲ.

ನನ್ನನ್ನು ಹೊರಗೆ ಕಳಿಸಿದರು. ಅರ್ಧ ಗಂಟೆಯ ನಂತರ ಹೆಲೆನ್ ಬಂದು ಗೋಡೆಗೆ ಒರಗಿದಳು. "ವಿಷಯ ನಿನ್ನದೇ. ಸ್ಕಾಲರ್‌ಶಿಪ್ಪಿಗೆ ಶಿಫಾರಸು ಇಲ್ಲ, ಇನ್ನೂ ಪಕ್ವವಾಗಿಲ್ಲ ಎಂದರು. ಆಮೇಲೆ ಡಂಕನ್‌ನ ಒಂದು ಷರತ್ತು. ನಿನ್ನ ಓದು ಸರಿಯಿದೆಯೆಂದು ಲ್ಯಾಟಿನ್ ಬಲ್ಲ ಒಬ್ಬರು ಸಹಿ ಮಾಡಿದ ಪ್ರಮಾಣಪತ್ರ ಪ್ರಬಂಧಕ್ಕೆ ಸೇರಿಸಬೇಕು. ಲ್ಯಾಟಿನ್ ಕಲಿಸುವ ಕ್ಲಾಸಿಕ್ಸ್ ವಿಭಾಗದಲ್ಲಿ ಯಾರನ್ನಾದರೂ ಕೇಳಲೇ?"

"ಬೇಡ. ನನ್ನ ಜೊತೆ ಓದಿದವರ ಸಹಿಯೇ ಇರಬೇಕು."

"ಅವರು ಏನು ಮಾಡುತ್ತಾರೆ?"

ಹೇಳಿದೆ. ಹೆಲೆನ್ ನಗಲಿಲ್ಲ. "ನಿಯಮದಲ್ಲಿ 'ಬಲ್ಲವರು' ಎಂದಷ್ಟೇ ಇದೆ. ಡಾಕ್ಟರೇಟ್ ಆಗಿರಬೇಕೆಂದು ಇಲ್ಲ. ಆದರೆ ಸಮಿತಿಯವರು ಪ್ರಶ್ನೆ ಎತ್ತುತ್ತಾರೆ, ನೆನಪಿರಲಿ" ಎಂದು ಫಾರ್ಮು ತಂದುಕೊಟ್ಟಳು.

ಕಷ್ಟ ಬಂದದ್ದು ನಾನು ಎಣಿಸದ ಕಡೆಯಿಂದ. ಅಂಕಲ್ ಫಾರ್ಮನ್ನು ಮುಟ್ಟಲೇ ಇಲ್ಲ.

"ನನ್ನ ಹೆಸರು ಬೇಡ ಮಾರಾಯ್ತಿ. ನಾನು ಮುಗಿಸದೆ ಬಂದವ. ನಾಳೆ ಯಾರಾದ್ರೂ ಕೇಳಿದ್ರೆ, ಇವ ಯಾರು, ಎಂತ ಅರ್ಹತೆ ಅಂತ? ನಿನ್ನ ಇಡೀ ವರ್ಷದ ಕೆಲಸಕ್ಕೆ ತೊಂದರೆ."

"ಕೇಳ್ಲಿ. ಹೆಸರಿಲ್ದ ಪೂಜಿ ಆಗೂದಿಲ್ಲ ಅಂತ ಹೇಳಿದವ್ರು ನೀವು. ನಿಮ್ಮ ಹೆಸರಿಲ್ದ ನನ್ನ ಥೀಸಿಸ್ ಹೆಂಗ ಆಗತೈತ್ರಿ? ನಾನೂ 'ಮತ್ತು ಇತರರು' ಅಂತ ಬರೀಲೇನು?"

ಅವರು ಕಿಟಕಿಯಾಚೆ ನೋಡಿದರು. ದಂಡೆಯಲ್ಲಿ ಯಾರೋ ನಾಯಿಯೊಂದನ್ನು ಕೆಲ್ಪಿನ ರಾಶಿಯಿಂದ ಎಳೆಯುತ್ತಿದ್ದರು. ಆಮೇಲೆ, "ಹಾಗಾದ್ರೆ ವೃತ್ತಿ ಅಂತ ಇರುವಲ್ಲಿ 'ಮಾಜಿ ಸೆಮಿನರಿ ವಿದ್ಯಾರ್ಥಿ' ಅಂತ ಬರೆಯುವಾ. ಸ್ವಲ್ಪ ಮರ್ಯಾದೆ ಇರ್ತದೆ" ಎಂದರು.

"ಅದು ನಿಮ್ಮ ವೃತ್ತಿ ಏನ್ರಿ?"

"ಅಲ್ಲ."

"ಈ ಪಟ್ಟಿ ಓದಿದಾಗ ನೀವು ಎಲ್ಲಿ ಕುಂತಿದ್ರಿ?"

ಅಂಕಲ್ ನನ್ನನ್ನು ದಿಟ್ಟಿಸಿದರು. "ನಿನ್ನ ಜೊತೆ ವಾದ ಮಾಡಿ ಬದುಕಲಿಕ್ಕೆ ಆಗುದಿಲ್ಲ" ಎಂದು ಗೊಣಗಿ ಪೆನ್ನಿಗೆ ಕೈಚಾಚಿದರು. ಫಾರ್ಮನ್ನು ಸ್ಟಿಯರಿಂಗಿನ ಮೇಲೆ ಇಟ್ಟುಕೊಂಡು ಮೊದಲು ನನ್ನ ಓದಿನ ಹನ್ನೆರಡು ಹೆಸರನ್ನೂ ಮತ್ತೊಮ್ಮೆ ಬೆರಳಿಟ್ಟು ಪರೀಕ್ಷಿಸಿದರು. ಒಂದು ಕಡೆ ನಾನು ಬಿಟ್ಟಿದ್ದ ಅಕ್ಷರವನ್ನು ತಿದ್ದಿಸಿದರು. ಆಮೇಲೆ ಸಹಿ. ಆಮೇಲೆ ವೃತ್ತಿಯ ಕಾಲಂನಲ್ಲಿ, ಕೈಯನ್ನು ಸ್ವಲ್ಪವೂ ಅವಸರ ಮಾಡದೆ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬಸ್ ಡ್ರೈವರ್ ಎಂದು ಬರೆದರು. ಕಾಲಂ ಸಾಲದೆ ಕೊನೆಯ ಅಕ್ಷರ ಗೆರೆ ದಾಟಿ ಆಚೆ ಬಂದಿತು.

ಮುಂದಿನ ಬೇಸಿಗೆಯಲ್ಲಿ ಪ್ರಬಂಧ ಸಲ್ಲಿಸಿದೆ, ಪಾಸಾಯಿತು. ಪಿಎಚ್‌ಡಿ ಆಗಲಿಲ್ಲ. ಈಗ ಆಕ್ಲೆಂಡಿನ ಮೌಂಟ್ ಆಲ್ಬರ್ಟ್‌ನಲ್ಲಿ ಮನೆ, ಹೈಸ್ಕೂಲಿನಲ್ಲಿ ಪಾಠ. ಮುಂದೇನಾಯಿತೆಂದು ಕೇಳಿದವರಿಗೆ ಇಷ್ಟೇ ಹೇಳುತ್ತೇನೆ. ಆಲಿಸ್‌ಳ ಷರತ್ತು ಎಷ್ಟು ಕಾಲ ನಡೆಯಿತೋ ನನಗೆ ಗೊತ್ತಿಲ್ಲ. ನೂರು ವರ್ಷದೊಳಗೆ ಒಬ್ಬ ರಾಜನ ಕಾನೂನು ಇಂಗ್ಲೆಂಡಿನ ಚಾಂಟ್ರಿಗಳನ್ನೆಲ್ಲ ರದ್ದು ಮಾಡಿ ಜಮೀನು ನುಂಗಿಹಾಕಿತು. ಆ ಹೆಸರುಗಳು ಯಾವ ಬೆಂಕಿಯನ್ನೂ ತಣಿಸಿದವೆಂದು ನಾನು ಇವತ್ತಿಗೂ ನಂಬುವುದಿಲ್ಲ. ಅಂಕಲ್ ನಂಬುತ್ತಾರೆ. ಈಗ ಆಕ್ಲೆಂಡಿನದೇ ಪಾಪಟೋಟೊಯಿಯಲ್ಲಿರುವ ಮಗಳ ಮನೆಗೆ ಬಂದಿದ್ದಾರೆ, ಹೋದಾಗಲೆಲ್ಲ ನಾವು ಅದೇ ಜಗಳ ಮುಂದುವರಿಸುತ್ತೇವೆ. ಆದರೆ ಆ ಒಂದು ಹಾಳೆಯ ವಿಷಯದಲ್ಲಿ ಜಗಳವಿಲ್ಲ. ಪ್ರಬಂಧದ ಹಿಂಭಾಗದಲ್ಲಿ, ಗೆರೆ ದಾಟಿದ ಅಕ್ಷರದ ಸಮೇತ, ಅದನ್ನು ಸೇರಿಸಿ ಹೊಲಿಸಿದ್ದೇನೆ. ಆ ವಿಶ್ವವಿದ್ಯಾಲಯದ ಗ್ರಂಥಾಲಯದ ಕಪಾಟಿನಲ್ಲಿದೆ. ಯಾರಿಗಾದರೂ ಆಕ್ಷೇಪವಿದ್ದರೆ ಮೊದಲು ಕೊನೆಯ ಪುಟದವರೆಗೆ ಓದಲಿ, ಆಮೇಲೆ ನನ್ನ ಹತ್ತಿರ ಬರಲಿ.